ಬಸಳೆಗೆ ಹೊಯ್ದ ನೀರು

ಆಗೆಲ್ಲ ದಿಲ್ಲಿ ಮಗ್ಗುಲಿನ ಫರೀದಾಬಾದಿನ ನಮ್ಮ ಕ್ವಾರ್ಟರ್ಸಿನಲ್ಲಿ ಬೆಳಗ್ಗೆ ಎದ್ದು ಕಕ್ಕಸಿಗೆ ಹೋಗಲು ಅಜ್ಜಿಯ ಅಪ್ಪಣೆ ಬೇಕಿತ್ತು. ನಗಬೇಡಿ. ಬಚ್ಚಲಲ್ಲಿ ಒಂದು ಹಳೇ ಎಣ್ಣೆ ಡಬ್ಬ ಇತ್ತು. ಮನೆಮಂದಿಯ ಮೊದಲ ಉಚ್ಚೆ ಅದಕ್ಕೇ ಸಲ್ಲಬೇಕು.

ಅಜ್ಜಿ ಅಂದರೆ ಅಮ್ಮನ ಅಮ್ಮ. ಅಜ್ಜ ತೀರಿಕೊಂಡ ಮೇಲೆ, ನಮ್ಮ ಜೊತೆಗೇ ಇರು ಅಂತ ಅಮ್ಮ ಗೋಗರೆದು ಕರೆಸಿಕೊಂಡಿದ್ದಳು. ಕುಂದಾಪುರದಿಂದ ಒದ್ದೆ ಬಟ್ಟೆಯಲ್ಲಿ ಬಸಳೆ ಕಡ್ಡಿ ಸುತ್ತಿಕೊಂಡು ಬಂದವಳು ಅದನ್ನು ಹಿತ್ತಲಲ್ಲಿ ಊರಿ, "ಇದ್ ಹಬ್ಬಿರೆ ನಾನೂ ಇರ್ತೆ. ಇಲ್ದಿರೆ ಊರಿಗ್ ಹೋತೆ" ಅಂದಳು. ಅಮ್ಮ ನಕ್ಕಳು. ಒಂಬತ್ತು ವರ್ಷದ ನಾನು ನಗಲಿಲ್ಲ. ಚಿಂತೆ ಮಾಡುವುದು ನನಗೆ ಆಗಲೇ ಮಗ್ಗಿಗಿಂತ ಚೆನ್ನಾಗಿ ಬರುತ್ತಿತ್ತು.

ಡೈರಿಯವನ ಹತ್ತಿರ ಎಮ್ಮೆ ಸಗಣಿ ತಂದು ಕೊಳೆಸಿ ಬುಡಕ್ಕೆ ಹಾಕಿದೆವು. ವಾರಕ್ಕೊಮ್ಮೆ ಒಂದು ಚೊಂಬು ಉಚ್ಚೆಗೆ ಹತ್ತು ಚೊಂಬು ನೀರು ಬೆರೆಸಿ ಹೊಯ್ಯುವುದು ಅಜ್ಜಿಯ ಕ್ರಮ.

"ಅಮ್ಮಾ, ಇದು ದಿಲ್ಲಿ. ಜನ ಏನಂತಾರೆ?" ಅಂದಳು ಅಮ್ಮ.

"ದಿಲ್ಲಿಯವ್ರ್ ಉಚ್ಚಿ ಹೊಯ್ಯುದಿಲ್ಯಾ?"

ಏಪ್ರಿಲಿನಲ್ಲಿ ಮೊದಲ ಕೊಯ್ಲು: ಎಂಟು ಎಲೆ. ಹುಳಿಯಲ್ಲಿ ಎಲೆಯನ್ನು ಹುಡುಕಬೇಕಿತ್ತು, ಆದರೆ ಬೆಳ್ಳುಳ್ಳಿ ಒಗ್ಗರಣೆಯ ಘಮಕ್ಕೆ ಪಕ್ಕದ ಮನೆಯ ಆಂಟಿ ಬಟ್ಟಲು ಹಿಡಿದೇ ಬಂದಳು. ಅಜ್ಜಿ ಅವತ್ತು ದಿಲ್ಲಿಗೆ ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಮೇ ತಿಂಗಳ ಬಿಸಿಗಾಳಿ ಶುರುವಾದದ್ದೇ ಬಳ್ಳಿ ನಿಂತಲ್ಲೇ ನಿಂತಿತು. ನಾನು ದಿನಾ ಶಾಲೆಯಿಂದ ಬಂದವಳೇ ಚಿಗುರು ಎಣಿಸುತ್ತಿದ್ದೆ. ಒಂದು ದಿನ ಅಜ್ಜಿ ತನ್ನ ಟ್ರಂಕಿನ ಧೂಳು ಒರೆಸುತ್ತಿದ್ದುದನ್ನು ಕಂಡೆ. ಅವಳು ಮಧ್ಯಾಹ್ನ ಮಲಗಿದಾಗ ಡಬ್ಬ ಎತ್ತಿ ಪೂರಾ ಬುಡಕ್ಕೆ ಸುರಿದೆ. ಹನಿ ನೀರು ಬೆರೆಸಲಿಲ್ಲ. ಸಾಲದೇನೋ ಅಂತ ಮರುದಿನವೂ ಸುರಿದೆ.

ಮೂರನೇ ದಿನಕ್ಕೆ ಎಲೆಯಂಚು ಸುಟ್ಟು, ದಂಟು ಕಪ್ಪಾಗಿ, ಬಳ್ಳಿ ಮಲಗಿಬಿಟ್ಟಿತು. ಅಜ್ಜಿ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಮಣ್ಣೆತ್ತಿ ಮೂಸಿದಳು. ನನ್ನನ್ನು ಒಮ್ಮೆ ನೋಡಿದಳು. ನಾನು ಗೋಡೆ ನೋಡಿದೆ.

"ಎಂತ ಆಯ್ತಮ್ಮಾ?" ಅಮ್ಮ ಕೇಳಿದಳು.

"ದಿಲ್ಲಿ ಬಿಸ್ಲ್," ಅಂದಳು ಅಜ್ಜಿ.

ಮುಂದಿನ ವಾರ ರೈಲು ಹತ್ತಿದಳು. ಆ ಮಳೆಗಾಲ ಮುಗಿಯುವ ಮೊದಲೇ ಊರಿನಿಂದ ತಂತಿ ಬಂತು.

ಈಗ ಗುರುಗ್ರಾಮದ ಹನ್ನೊಂದನೇ ಮಹಡಿಯಲ್ಲಿ ನನ್ನ ಕುಂಡಗಳಿಗೆ ಗೊಬ್ಬರ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಯಾವ ವಾಸನೆಯೂ ಇಲ್ಲ. ನಾನು ಮಣ್ಣು ಮುಟ್ಟಿ ಮುಟ್ಟಿ ನೋಡುವಾಗ ಮಗಳು, "ಮಮ್ಮಾ, ಇತ್ನಾ ಟೆನ್ಶನ್ ಯಾಕೆ? ಪ್ಲಾಂಟ್ ಹೀ ತೋ ಹೈ, ಬರೀ ಗಿಡ ತಾನೇ" ಅನ್ನುತ್ತಾಳೆ.

ಅಜ್ಜಿಗೆ ಗೊತ್ತಾಗಿತ್ತು. ಅದು ಅವತ್ತೇ ನನಗೂ ಗೊತ್ತಿತ್ತು. ಬೈಗುಳ ಈಗ ಬಂದೀತು, ಇನ್ನೇನು ಬಂದೀತು ಅಂತ ಹೆದರಿ ಆ ವಾರವಿಡೀ ಅವಳ ಹತ್ತಿರ ಸುಳಿಯಲಿಲ್ಲ. ಹೋಗಬೇಡ ಅಂತ ಅಮ್ಮ ಅತ್ತಳು. ಅಪ್ಪ ಸ್ಟೇಷನ್ನಿನಲ್ಲೂ ಹೇಳಿ ನೋಡಿದರು. ನಾನೊಬ್ಬಳು ಹೇಳಲಿಲ್ಲ.