ದೊಡ್ಡಪ್ಪನ ಪಾರಿವಾಳ, ನನ್ನ ಬಾಯಿ

ಕೊಟ್ಟುಬಿಟ್ಟಿದ್ದ ಪಾರಿವಾಳಗಳನ್ನು ಕೂಗಿ ಕರೆದದ್ದು ನಾನೇ. ದೊಡ್ಡಪ್ಪನ ದನಿಯಲ್ಲಿ, ಅವರ ಹಾಗೇ "ಆವ್ ಆವ್" ಎಂದು ಎಳೆದು, ಕೊನೆಗೆ ಅವರ ಕೆಮ್ಮನ್ನೂ ಸೇರಿಸಿ. ಕೆಮ್ಮು ಬೇಕಿರಲಿಲ್ಲ, ಆದರೂ ಕೆಲಸ ಅಚ್ಚುಕಟ್ಟಾಗಿರಬೇಕಲ್ಲ. ನಮ್ಮ ಬೀದಿಯಲ್ಲಿ ನಾನು ಅಣಕಿಸದ ಮನುಷ್ಯರಿಲ್ಲ. ಕನ್ನಡಿಯಲ್ಲಿ ಕಾಣುವವನನ್ನೂ ಬಿಟ್ಟಿಲ್ಲ, ಅವನದು ಸ್ವಲ್ಪ ಮೂಗಿನ ದನಿ.

ಹಲಸೂರಿನ ನಮ್ಮ ಮನೆಯ ತಾರಸಿಯ ಮೇಲೆ ದೊಡ್ಡಪ್ಪ ಗೂಡು ಕಟ್ಟಿದ್ದು ನಾನು ಹುಟ್ಟುವುದಕ್ಕೂ ಮೊದಲು. ಭಾನುವಾರ ಬೆಳಗಾದರೆ "ಸುಮ್ನೆ ನೋಡ್ಕೊಂಡ್ ಬರ್ತೀನಿ" ಎಂದು ಶಿವಾಜಿನಗರದ ಹಕ್ಕಿ ಮಾರುವವರ ಹತ್ತಿರ ಹೋಗುತ್ತಿದ್ದರು. ವಾಪಸು ಬರುವಾಗ ಬುಟ್ಟಿಯೊಳಗಿಂದ ಗುಟುರು ಕೇಳುತ್ತಿತ್ತು.

ಹೋದ ಮಳೆಗಾಲದಲ್ಲಿ ತಾರಸಿಯ ಕಬ್ಬಿಣದ ಏಣಿಯ ಮೇಲೆ ಅವರ ಕಾಲು ಜಾರಿತು. ಬೀಳಲಿಲ್ಲ, ನೀರಿನ ಪೈಪನ್ನು ಅಪ್ಪಿಕೊಂಡು ನೇತಾಡಿದರು. ಆ ಭಂಗಿಯನ್ನೂ ನಾನು ಊಟದ ಹೊತ್ತಿಗೆ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಮರು ಭಾನುವಾರ ಮಾತ್ರ ಖಾಲಿ ಬುಟ್ಟಿ ಹಿಡಿದು ಬಂದರು.

"ಏನ್ರೀ, ಮೈ ಹುಷಾರಿಲ್ವಾ?" ಎಂದರು ದೊಡ್ಡಮ್ಮ.

"ಬಿಳೀದೊಂದು ಬಲು ಚೆನ್ನಾಗಿತ್ತು ಕಣೇ. ತಂದ್ರೆ ಅದು ಇನ್ನೂ ಎಷ್ಟೋ ವರ್ಷ ಬದುಕುತ್ತೆ. ಅಲ್ಲೀವರ್ಗೂ ನಾನು ಏಣಿ ಹತ್ತೋಕಾಗುತ್ತಾ? ಇನ್ಮೇಲೆ ಹೊಸದು ಬೇಡ. ಇರೋದನ್ನೂ ನಾನು ಗಟ್ಟಿಯಾಗಿರುವಾಗ್ಲೇ ಒಳ್ಳೆ ಕೈಗೆ ಕೊಟ್ಬಿಡ್ತೀನಿ."

ಆ ಒಳ್ಳೆಯ ಕೈ ಕೆ.ಆರ್. ಪುರದ ಅವರ ಹಳೆಯ ಗೆಳೆಯನದು. ಆತನ ಮನೆಯಂಗಳದಲ್ಲಿ, ಹಿಂದೆ ದನ ಕಟ್ಟುತ್ತಿದ್ದ ಕೊಟ್ಟಿಗೆಯಲ್ಲೇ ಗೂಡಿದೆ. ಬೆಳೆದ ಪಾರಿವಾಳ ಹೊಸ ಮನೆಗೆ ಬೇಗ ಒಗ್ಗುವುದಿಲ್ಲ. ರೆಕ್ಕೆಗೆ ದಾರ ಕಟ್ಟಿ ಕೆಲವು ವಾರ ಅಲ್ಲೇ ಮೇಯಿಸಬೇಕು. ದಾರ ಬಿಚ್ಚಿದ ಮೇಲೂ ಹಳೆಯ ಮನೆ ಹುಡುಕಿಕೊಂಡು ಬರಬಹುದು. "ಬಂದ್ರೂ ಯಾರೂ ಕರೀಬೇಡಿ. ಸುತ್ತು ಹೊಡ್ದು ವಾಪಸ್ ಹೋಗ್ತವೆ" ಎಂದು ದೊಡ್ಡಪ್ಪ ನಮಗೆಲ್ಲ ಹೇಳಿಟ್ಟಿದ್ದರು.

ದಾರ ಬಿಚ್ಚಿದ ಕೂಡಲೇ ಬಂದವು. ಮನೆಯ ಮೇಲೆ ಸುತ್ತು ಹೊಡೆದವು. ಅಷ್ಟು ವಾರ ದೊಡ್ಡಪ್ಪ ಮಂಕಾಗಿ ಕೂತಿದ್ದನ್ನು ನೋಡಲಾಗದೆ ಕೂಗಿದೆ ಎಂದರೆ ಅರ್ಧ ನಿಜ. ನನ್ನ ದನಿಗೆ ಹಕ್ಕಿಗಳೂ ಮೋಸ ಹೋಗುತ್ತವೆಯೇ ಎಂದು ನೋಡಬೇಕಿತ್ತು, ಅದು ಇನ್ನರ್ಧ. ಮೋಸ ಹೋದವು. ದೊಡ್ಡಮ್ಮ ಒಣಹಾಕಿದ್ದ ಮೆಣಸಿನಕಾಯಿಯ ಪಕ್ಕದಲ್ಲೇ ಸಾಲಾಗಿ ಇಳಿದು ಕೂತವು.

ಸುದ್ದಿ ತಿಳಿದು ಗೆಳೆಯ ಸ್ಕೂಟರಿನಲ್ಲಿ ಬುಟ್ಟಿ ಕಟ್ಟಿಕೊಂಡು ಬಂದರು. "ಮನಸ್ಸು ಬದಲಾಗಿದ್ರೆ ಹೇಳ್ಬಿಡು ಮಾರಾಯ, ಬೇಜಾರಿಲ್ಲ" ಎಂದರು.

ದೊಡ್ಡಪ್ಪ ತಾರಸಿಯ ಕಡೆ ನೋಡಿದರು. ನಾನೇ ಬಾಯಿ ಹಾಕಿದೆ. "ಇಲ್ಲೇ ಇರ್ಲಿ ಬಿಡಿ ದೊಡ್ಡಪ್ಪ. ಏಣಿ ನಾನ್ ಹತ್ತೀನಿ."

"ಕೂಗಿ ಕರೆದ್ಯಲ್ಲ, ಕಾಳು ಹಾಕಿದ್ಯಾ?" ಎಂದರು ದೊಡ್ಡಪ್ಪ.

ಇಷ್ಟು ಜನರ ದನಿ ಬರುವ ನಾನು ಕಾಳು ತರಲು ಒಳಗೆ ಓಡಿದೆ.

ಜೋಳದ ಡಬ್ಬಿ ತರಿಸಿಕೊಂಡು ಅವರು ಅಂಗಳದಲ್ಲೇ ಕುರ್ಚಿ ಹಾಕಿ ಕೂತು ಒಮ್ಮೆ ಕೂಗಿದರು. ಹಕ್ಕಿಗಳು ಒಂದೊಂದಾಗಿ ಕಾಲ ಬುಡಕ್ಕೆ ಇಳಿದವು. ಹೊಟ್ಟೆ ತುಂಬುವ ತನಕ ಮೇಯಿಸಿ, ಒಂದೊಂದನ್ನೂ ತಾವೇ ಎತ್ತಿ, ಬೆನ್ನು ಸವರಿ ಬುಟ್ಟಿಗೆ ಬಿಟ್ಟರು.

"ಈಗ ಕೂಗಿದ್ಯಲ್ಲ, ಅದನ್ನ ನಮ್ಮನೇಗೆ ಬಂದು ಕೂಗು" ಎಂದರು ಗೆಳೆಯ. "ನೀನೇ ಅಲ್ಲಿ ಕೂತಿದ್ರೆ ಇವಕ್ಕೆ ಇಲ್ಲೇನು ಕೆಲ್ಸ?"

ದೊಡ್ಡಪ್ಪನ ಮುಖ ಅರಳಿತು. ಸ್ಕೂಟರು ಬೀದಿ ದಾಟುವ ಮೊದಲೇ ದೊಡ್ಡಮ್ಮನನ್ನು ಕರೆದು ಮೆಟ್ರೋ ಕಾರ್ಡ್ ಎಲ್ಲಿ ಎಂದು ಕೇಳಿದರು. ನನಗೆ ಮಾತ್ರ ತಡೆಯಲಾಗಲಿಲ್ಲ.

"ಇಲ್ಲೇ ಇಟ್ಕೊಳ್ಳೋದು ಬಿಟ್ಟು, ಅಷ್ಟು ದೂರ ಹೋಗಿ ಕಾಳು ಹಾಕ್ಬೇಕಾ? ಅಲ್ಲೇನಿದೆ ದೊಡ್ಡಪ್ಪ?"

"ಅಲ್ಲಿ ಏಣೀನೂ ಇಲ್ಲ, ನೀನೂ ಇಲ್ಲ."