ದೇವಿರಮ್ಮ ಕೊಟ್ಟ ಕಿಡ್ನಿ

ದೇವಿರಮ್ಮ ಬಸರಾಳಿನ ಶಾಲೆಯಲ್ಲಿ ನನ್ನ ಶಿಷ್ಯೆಯಾಗಿದ್ದಳು. ಕುಡಿಯುವ ನೀರಿನ ಗುಡಾಣಕ್ಕೆ ಮುಚ್ಚಳ ಹಾಕಿದೆಯೋ ಇಲ್ಲವೋ ಎಂದು ಪಾಠದ ನಡುವೆ ಎದ್ದು ನೋಡಿ ಬರುತ್ತಿದ್ದ ಹುಡುಗಿ. ಅವಳ ಆ ಕಾಳಜಿಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಆ ನಗು ಮಾತ್ರ ಹೆಚ್ಚು ಹೊತ್ತು ಉಳಿಯುವುದಿಲ್ಲ.

ಮದುವೆಯಾಗಿ ಅವಳು ಬಂಡೂರಿನ ಪಕ್ಕದ ಹಳ್ಳಿಗೆ ಹೋದಳು. ಗಂಡ ಕರಿಯಪ್ಪ ಹುಲ್ಲಿನ ಮೆದೆ ಒಟ್ಟುವುದರಲ್ಲಿ ಹೆಸರಾದವನು. ಅವನು ಒಟ್ಟಿದ ಮೆದೆಯೊಳಕ್ಕೆ ಎಂಥ ಮಳೆಯೂ ಇಳಿಯದು ಎಂಬ ಮಾತಿತ್ತು. ಮಧ್ಯವಯಸ್ಸಿನಲ್ಲೇ ಅವನ ಎರಡೂ ಕಿಡ್ನಿಗಳು ಕೆಟ್ಟವು. ಮಂಡ್ಯದಲ್ಲಿ ಡಯಾಲಿಸಿಸ್ ಮಾಡಿಸಿಕೊಂಡು ಸಾಕಾದ ಮೇಲೆ ದೇವಿರಮ್ಮ ತನ್ನದೊಂದನ್ನು ಕೊಟ್ಟಳು.

ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಮಾತ್ರೆಗಳು ಮೈಯ ಕಾವಲನ್ನೇ ಕುಗ್ಗಿಸುತ್ತವೆ. ಆಗ ಹುಲ್ಲು, ತಿಪ್ಪೆ, ತೇವದಲ್ಲಿ ಬೆಳೆಯುವ ಬೂಷ್ಟಿನ ಧೂಳು ಉಸಿರಿನಲ್ಲಿ ಹೋದರೂ ಸಾಕು, ಶ್ವಾಸಕೋಶದಲ್ಲಿ ಬೇರೂರುತ್ತದೆ ಎಂದು ಡಾಕ್ಟರು ಅವಳಿಗೆ ಬಿಡಿಸಿ ಹೇಳಿದ್ದರು. ಗಂಡ ಆಸ್ಪತ್ರೆಯಿಂದ ಬರುವ ಮೊದಲೇ ಅವಳು ತೇವ ಹಿಡಿದ ಗೋಡೆಯನ್ನು ಕೆರೆಸಿ ಸುಣ್ಣ ಹೊಡೆಸಿದಳು. ಹಸುಗಳನ್ನು ಮೈದುನ ಅಂಕಯ್ಯನ ಕೊಟ್ಟಿಗೆಗೆ ಅಟ್ಟಿದಳು, ತಿಪ್ಪೆಯನ್ನು ತೆಗೆಸಿದಳು. ಬೂಷ್ಟು ತಡೆಯುವ ಮಾತ್ರೆಯನ್ನು ಅವನು ನುಂಗುವವರೆಗೂ ಎದುರಿಗೇ ನಿಲ್ಲುತ್ತಿದ್ದಳು. ಆ ಮಾತ್ರೆಯ ಅವಧಿ ಮುಗಿದ ಮೇಲೂ ಅವನಿಗೆ ಮಾಸ್ಕ್ ತಪ್ಪಲಿಲ್ಲ.

“ಎತ್ತಿಗೆ ಆಕ್ದಂಗೆ ಗಂಡನ್ ಬಾಯ್ಗೂ ಕುಕ್ಕೆ ಆಕವ್ಳೆ” ಎಂದು ಊರು ನಕ್ಕಿತು. ಹುಲ್ಲಿನ ಹತ್ತಿರ ಹೋಗಬಾರದೆಂದು ಅವಳು ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ.

ಒಂದು ದಿನ ಅವಳು ಔಷಧಿ ತರಲು ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ಕರಿಯಪ್ಪ ತಾನೇ ನೀರು ಕಾಯಿಸಿಕೊಂಡು ಸ್ನಾನ ಮಾಡಿ ಕುಳಿತಿದ್ದ. ಅಂತೂ ಶುಚಿಯ ಬುದ್ಧಿ ಬಂತೆಂದು ಅವಳಿಗೆ ಹಿಗ್ಗು. ಕೆಲವೇ ದಿನಗಳಲ್ಲಿ ಕೆಮ್ಮು ಹಿಡಿಯಿತು, ಜ್ವರ ಬಂತು. ಹುಲ್ಲು, ಗೊಬ್ಬರ, ಧೂಳಿನ ಕಡೆ ಹೋಗಿದ್ದನೇ ಎಂದು ಡಾಕ್ಟರು ಕೇಳಿದಾಗ, ಹೊಸಿಲು ದಾಟಿಲ್ಲವೆಂದು ಅವಳು ದೇವರ ಮೇಲೆ ಆಣೆಯಿಟ್ಟಳು. ಅವರು ಬೇರೆ ಬೇರೆ ಕಾಯಿಲೆಗಳನ್ನು ಹುಡುಕುತ್ತಾ ಹೋದರು. ಕೊನೆಗೆ ಬೂಷ್ಟೇ ಎಂದು ಗೊತ್ತಾಗುವಷ್ಟರಲ್ಲಿ ಅದು ಶ್ವಾಸಕೋಶದಲ್ಲಿ ಹರಡಿತ್ತು. ಜೀವ ಉಳಿಸಲು ಕಿಡ್ನಿ ಕಾಯುವ ಮಾತ್ರೆಗಳನ್ನು ತಗ್ಗಿಸಬೇಕಾಯಿತು. ಕರಿಯಪ್ಪ ಉಳಿದ. ಅವಳು ಕೊಟ್ಟ ಕಿಡ್ನಿ ಉಳಿಯಲಿಲ್ಲ.

ಮತ್ತೆ ಮಂಡ್ಯದ ಡಯಾಲಿಸಿಸ್. ಒಂದು ಸಲವೂ ಅವಳು ಅವನೊಬ್ಬನನ್ನೇ ಕಳಿಸಲಿಲ್ಲ.

ಕಳೆದ ಸುಗ್ಗಿಯಲ್ಲಿ ನಾನು ಅವಳನ್ನು ನೋಡಲು ಹೋಗಿದ್ದೆ. ಗಂಡ ಹೆಂಡತಿ, ನಾನು ಮೂವರೂ ಜಗಲಿಯ ಮೇಲೆ ಕುಳಿತಿದ್ದಾಗ ಅಂಕಯ್ಯ ನಗುನಗುತ್ತ ಬಂದ.

“ಅತ್ಗೆ, ನಾಳೆ ಅಣ್ಣನ್ನ ಕಳ್ಸು. ಓದ್ ಸಲ ನನ್ ಮೆದೆ ನೆಂದು ಬೂಷ್ಟು ಇಡ್ದಾಗ ಅಣ್ಣನೇ ನಿಂತು ಕೆಡವ್ಸಿ ಒಟ್ಸಿದ್ದು. ಆಮೇಲೆ ಒಂದ್ ಅನಿ ನೀರು ಇಳೀಲಿಲ್ಲ. ಈಗೆಂಗೂ ನಿನ್ ಕಟ್ಟುಪಾಡು ಇಲ್ವಲ್ಲ.”

ದೇವಿರಮ್ಮ ಗಂಡನ ಕಡೆ ತಿರುಗಿದಳು. “ಓಗಿದ್ಯಾ?”

“ನಾನ್ ಮುಟ್ಲಿಲ್ಲ ಕಣಮ್ಮಿ,” ಎಂದ ಕರಿಯಪ್ಪ. “ದೂರ ನಿಂತ್ಕಂಡು ಏಳ್ದೆ, ಅಷ್ಟೆ. ಬಟ್ಟೆ ಕಟ್ಕಂಡ್ರೆ ಮಾತು ಕೇಳ್ಸಲ್ಲ ಅಂದ್ರು, ಬಿಚ್ದೆ. ಬಂದ್ ತಕ್ಸಣ ತಲೆಗೆ ನೀರುಯ್ಕಂಡೆ.”

ಮುಟ್ಟಿದರೆ ತಾನೇ ಮೈಲಿಗೆ, ಮಿಂದರೆ ಎಲ್ಲವೂ ಕಳೆಯಿತು. ನಾವೆಲ್ಲ ಬೆಳೆದದ್ದು ಹಾಗೆಯೇ.

“ಡಾಕ್ಟ್ರು ಕೇಳ್ದಾಗ ನಾನು ಆಣೆ ಮಾಡ್ದೆ,” ಎಂದಳು ದೇವಿರಮ್ಮ. “ನೀನು ಪಕ್ದಲ್ಲೇ ಮನ್ಗಿದ್ದೆ.”

ಅಂಕಯ್ಯ ಹೊರಡಲು ನೋಡಿದ. ಅವಳೇ ತಡೆದಳು.

“ನಾಳೀಕೆ ಕರ್ಕಂಡೋಗಪ್ಪ. ಕಾಯಕ್ಕೆ ಇನ್ನೇನೈತೆ? ನನ್ತಾವ ಇರೋದೊಂದು ಕಿಡ್ನಿ, ಅದು ನಂಗೆ ಬೇಕು.”

ಆ ರಾತ್ರಿ ನಾನು ಮಳವಳ್ಳಿಯ ನೆಂಟರ ಮನೆಯಲ್ಲಿ ಉಳಿದೆ. ಎರಡು ದಿನಗಳ ಮೇಲೆ ಊರಿಗೆ ಮರಳಲು ಬಸ್ ನಿಲ್ದಾಣಕ್ಕೆ ಬಂದಾಗ ಕರಿಯಪ್ಪ ಮಂಡ್ಯದ ಬಸ್ಸಿಗೆ ಕಾಯುತ್ತಿದ್ದ. ತಲೆಗೂದಲಲ್ಲಿ ಹುಲ್ಲಿನ ಎಸಳೊಂದು ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ.