ಹೆಚ್ಚಿದ ಬಳೆ

ನಮ್ಮ ಅತ್ತೆಯವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅವರ ಬಲಗೈಯಲ್ಲಿ, ಮೊಣಕೈಗಿಂತ ಸ್ವಲ್ಪ ಕೆಳಗೆ ಇದ್ದ ಒಂದು ಕಂದುಬಣ್ಣದ ಸುತ್ತು. ಕೆಲಸಕ್ಕೆ ಕೂತರೆ ಗಾಜಿನ ಬಳೆಗಳನ್ನೆಲ್ಲ ಮೇಲಕ್ಕೆ ತಳ್ಳಿ ಅರಿಸಿನದ ದಾರದಿಂದ ಬಿಗಿದುಬಿಡುತ್ತಿದ್ದರು. ರಾಗಿ ಬೀಸುವಾಗಲೂ ನೀರು ಸೇದುವಾಗಲೂ ಒಂದು ಬಳೆಗೂ ಏಟು ತಾಗಬಾರದು. ವರ್ಷಗಟ್ಟಲೆ ಬಿಗಿದು ಬಿಗಿದು ಅಲ್ಲಿ ಚರ್ಮವೇ ಕಂದಿಹೋಗಿತ್ತು.

ಬಳೆ ಒಡೆಯಿತು ಎಂದು ಅವರ ಮುಂದೆ ಯಾರೂ ಅನ್ನುವಂತಿರಲಿಲ್ಲ. ‘ಬಳೆ ಹೆಚ್ಚಿತು’ ಅನ್ನಬೇಕು. ಭರಣಿಯಲ್ಲಿ ಕುಂಕುಮ ಮುಗಿದರೆ ಕುಂಕುಮ ಹೆಚ್ಚಿದೆ, ಮಡಕೆಯ ತಳ ಕಂಡರೆ ಅಕ್ಕಿ ಹೆಚ್ಚಿದೆ. ನಮ್ಮ ಕಡೆ ಎಲ್ಲ ಮನೆಯ ಹೆಂಗಸರೂ ಹೀಗೆ ಅನ್ನುವವರೇ, ಆದರೆ ಅತ್ತೆಯವರದು ಅತಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ, “ಎಣ್ಣೆ ಆಗೋಯ್ತು ಅತ್ತೆಮ್ಮ” ಅಂದೆ.

“ಬುಡ್ತು ಅನ್ನು!” ಎಂದು ಗದರಿದರು. “ಎಣ್ಣೆ ಅಂಗಡಿಯವರ ಸೊಸೆ ಆಡೋ ಮಾತೇನಮ್ಮ ಇದು? ಇಲ್ಲ ಇಲ್ಲ ಅಂತಿದ್ರೆ ಆ ಇಲ್ಲದ್ದು ಬಾಗ್ಲಲ್ಲೇ ನಿಂತ್ಕೊಂಡಿರ್ತದೆ, ಕರೆದ್ರಾ ಅಂತ.”

ಮಧುಗಿರಿಯಲ್ಲಿ ನಮ್ಮ ಮನೆ ಬೆಟ್ಟದ ಬುಡಕ್ಕೇ ಇತ್ತು. ಹೊತ್ತು ತಿರುಗಿದರೆ ಕೋಟೆ ಬೆಟ್ಟದ ನೆರಳು ಹಿತ್ತಲಿಗೆ ಇಳಿದು ಬಾವಿಯನ್ನು ಮುಚ್ಚುತ್ತಿತ್ತು. ಮಾವನವರು ವ್ಯಾಪಾರಕ್ಕೆ ಬೆಂಗಳೂರಿಗೆ ಹೋಗಿ ಬರುವವರು. ಅಲ್ಲಿ ಯಾರದೋ ಬಂಗಲೆಯಲ್ಲಿ ನೋಡಿ ಬಂದು ನಮ್ಮ ಹಿತ್ತಲಲ್ಲೂ ಪಿಂಗಾಣಿಯ ಕಕ್ಕಸು ಹಾಕಿಸಿದ್ದರು. ಬೀದಿಯ ಹೆಂಗಸರು ಅದನ್ನು ನೋಡಲೆಂದೇ ಬಂದರು. “ಇದ್ರಾಗೆ ಮುದ್ದೆ ಇಕ್ಕೊಂಡು ಉಣ್ಬೋದು ಕಣವ್ವ, ಅಷ್ಟು ಬೆಳ್ಳಗೈತೆ” ಎಂದು ನಕ್ಕರು. ಆ ಪಿಂಗಾಣಿಯ ಕೊರಳು ನೆಲದ ಕೆಳಗೆ ಒಂದು ಮಣ್ಣಿನ ಕೊಳವೆಗೆ ಕೂಡುತ್ತಿತ್ತು. ಕೂಡುವ ಜಾಗವನ್ನು ಹಿಡಿದಿಡಲು ಸುತ್ತಲೂ ಕಬ್ಬಿಣದ ಒಂದು ಉಂಗುರ. ಮನೆಯಲ್ಲಿ ಎಲ್ಲರೂ ಅದಕ್ಕೆ ಬಳೆ ಎಂದೇ ಅನ್ನುತ್ತಿದ್ದೆವು.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು, ಕಬ್ಬಿಣದ ಮೊಳೆ ಕೂಡ ದುರ್ಲಭ. ನನಗೆ ದಿನ ತುಂಬುತ್ತಾ ಬಂದಿತ್ತು. ಮೊದಲಿನದು ಹುಟ್ಟಿ ಉಳಿದಿರಲಿಲ್ಲ, ಹಾಗಾಗಿ ಈ ಸಲ ತವರಿಗೂ ಕಳಿಸದೆ ಅತ್ತೆಯವರು ನನ್ನನ್ನು ಕಣ್ಣೆದುರೇ ಇಟ್ಟುಕೊಂಡಿದ್ದರು. ಯಜಮಾನರು ಬೆಂಗಳೂರಿನ ಮಂಡಿಯಲ್ಲಿದ್ದರು. ಆಗಲೇ ಪಾವಗಡದ ಕಡೆಯಿಂದ ಕಾಲರಾ ಹೊರಟಿದೆ ಎಂಬ ಸುದ್ದಿ ಬಂತು. ತಮಟೆಯವನು ಬೀದಿ ಬೀದಿಯಲ್ಲಿ ನಿಂತು, “ಬಾವಿ ನೀರು ಕಾಯ್ಸಿ ಕುಡೀರಪ್ಪೋ” ಎಂದು ಸಾರಿ ಹೋದ. ಆ ಸದ್ದು ಆಚೆ ಬೀದಿಗೆ ಹೋದ ಮೇಲೂ ಬೆಟ್ಟಕ್ಕೆ ತಾಗಿ ಹಿಂದಕ್ಕೆ ಬರುತ್ತಿತ್ತು.

ಅದೇ ವಾರ ಕಕ್ಕಸಿನ ಗೋಡೆಯ ಬುಡದಲ್ಲಿ ಒಂದು ಒದ್ದೆ ಕಲೆ ಕಂಡಿತು. ಮಾರನೆಯ ದಿನ ಅದು ಒಂದು ಗೇಣು ಮುಂದೆ ಬಂದಿತ್ತು, ಬಾವಿಯ ಕಡೆಗೆ. ಬೇಸಿಗೆಯ ಹಿತ್ತಲಲ್ಲಿ ಅಲ್ಲೊಂದು ಕಡೆ ಮಾತ್ರ ಹುಲ್ಲು ಹಸಿರಾಯಿತು.

ಗಾರೆಯವನು ಬಂದು ಒಂದು ಚಪ್ಪಡಿ ಎಬ್ಬಿಸಿ ಬಗ್ಗಿ ನೋಡಿದ. “ಬಳೆ ಒಡ್ದೋಗೈತೆ ಕಣಮ್ಮ.”

“ಬುಡ್ತು ಅನ್ನೋ! ಬಸುರಿ ನಿಂತವ್ಳೆ ಎದುರಿಗೆ. ಹೆಚ್ಚೈತೆ ಅನ್ನು.”

“ಹೆಚ್ಚೈತೆ ಅಂದ್ರೆ ಕೂಡ್ಕೊಂತದಾ ತಾಯಿ? ಹೊಸಾದು ತರ್ಸಿ. ಬಂದು ಕೂರುಸ್ತೀನಿ” ಎಂದು ಹೋದ.

ಮಾವನವರು ಆಗ ತುಮಕೂರಿನಲ್ಲಿದ್ದರು. ತುಮಕೂರಿಗೆ ಹೊರಟಿದ್ದ ಬಸ್ಸಿನ ಡ್ರೈವರ್ ಸಿರಾದ ಸಾಹೇಬರು, ನಮ್ಮ ಮನೆಗೆ ಬಳಕೆಯವರು. ಅವರ ಕೈಲಿ ಹೇಳಿಕಳಿಸಬೇಕು. ಪರಗಂಡಸಿನ ಮುಂದೆ ಕಕ್ಕಸು ಎಂಬ ಮಾತು ಆಡುವುದು ಹೇಗೆ? ಅತ್ತೆಯವರು ಸೆರಗು ಎಳೆದುಕೊಂಡು, “ಮನೇಲಿ ಬಳೆ ಹೆಚ್ಚೈತೆ. ಹೊಸಾದು ಬೇಕೇ ಬೇಕಂತೆ, ತಡ ಮಾಡಬಾರ್ದಂತೆ ಅಂತ ಹೇಳಪ್ಪ” ಎಂದರು.

“ಜಲ್ದಿ ತರ್ಸ್ತೀನಮ್ಮ, ಫಿಕರ್ ಮಾಡ್ಬೇಡಿ” ಎಂದು ಸಾಹೇಬರು ಹೋದರು.

ಮರುದಿನ ಮಾವನವರು ಬಸ್ಸಿಳಿದು ನಗುನಗುತ್ತಾ ಬಂದರು. ಮಡಿಲಿನಿಂದ ಕೂಸನ್ನು ಎತ್ತುವ ಹಾಗೆ ಮೆತ್ತಗೆ ಒಂದು ಪೊಟ್ಟಣ ಬಿಚ್ಚಿದರು. ಒಳಗೆ ಹಸಿರು ಗಾಜಿನ ಬಳೆ! ಪೇಟೆಯೆಲ್ಲ ಸುತ್ತಿ ಆರಿಸಿದ್ದರಂತೆ.

ಅತ್ತೆಯವರು ಕಣ್ಣು ಮಿಟುಕಿಸದೆ ನೋಡಿದರು. “ಇದನ್ನ ತಕ್ಕೊಂಡೋಗಿ ಕಕ್ಕಸಿಗೆ ತೊಡುಸ್ತೀರಾ?”

“ಕಕ್ಕಸಿಂದು ಅಂತ ಯಾರು ಹೇಳುದ್ರೇ? ಬಳೆ ಹೆಚ್ಚೈತೆ ಅಂದ್ರು. ಮನೇಲಿ ಎರಡು ಹೆಣ್ಣುಜೀವ ಅವೆ, ನಾನೇನು ತಿಳ್ಕೋಬೇಕು? ಒಡ್ದೋಗೈತೆ ಅನ್ನೋಕೇನಾಗಿತ್ತು ನಿಂಗೆ?”

ನನಗೆ ನಗು ಬಂದುಬಿಟ್ಟಿತು. ಅವರಿಗೂ ಬಂತು. ಮೂವರೂ ನಕ್ಕೆವು. ಆಮೇಲೆ ಹಿತ್ತಲ ಕಡೆಯಿಂದ ನಾತ ಬೀಸಿತು. ನಗು ತಾನಾಗಿ ನಿಂತಿತು.

ಅಷ್ಟರಲ್ಲಿ ಊರಿನಲ್ಲಿ ಕಾಲರಾಕ್ಕೆ ಜನ ಬೀಳುವುದಕ್ಕೆ ಶುರುವಾಗಿತ್ತು. ಬಸ್ಸು ನಿಂತಿತು. ಎದುರು ಮನೆಯವರು ಬಾಗಿಲಿಗೆ ಬೀಗ ಹಾಕಿ ತೋಟದ ಗುಡಿಸಲಿಗೆ ಹೋದರು. ಗಾರೆಯವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೊರಟಗೆರೆ ಕಡೆಗೆ ಹೊರಟುಹೋಗಿದ್ದ. ಒದ್ದೆ ಕಲೆ ಬಾವಿಯ ಕಟ್ಟೆಗೆ ಇನ್ನೇನು ತಾಗಬೇಕು.

ಮಾವನವರು ತಾವೇ ಇಳಿಯುತ್ತೇನೆಂದು ಪಂಚೆ ಎತ್ತಿ ಕಟ್ಟಿದರು. “ಬೆಳಿಗ್ಗೆ ಚಪ್ಪಲಿ ಮೆಟ್ಟೋಕೆ ಬೆನ್ನು ಬಗ್ಗಲ್ಲ, ಇಳೀತಾರಂತೆ” ಎಂದು ಅತ್ತೆಯವರು ಅವರನ್ನು ಕೂರಿಸಿದರು.

ಸುಣ್ಣವನ್ನು ಹರಳೆಣ್ಣೆಯಲ್ಲಿ ಕಲಸಿ ಒರಳಿಗೆ ಹಾಕಿದರು. ದೇವರ ಬತ್ತಿಗೆಂದು ಬಿಡಿಸಿಟ್ಟಿದ್ದ ಹತ್ತಿಯನ್ನು ತಂದು ಅದರ ಜೊತೆಗೇ ಕುಟ್ಟಿದರು. ಬಾವಿಕಟ್ಟೆಯ ಬಿರುಕಿಗೆ ಅವರ ತವರಿನಲ್ಲಿ ಹೀಗೇ ಮೆತ್ತುತ್ತಿದ್ದರಂತೆ. ಕುಟ್ಟಿ ಕುಟ್ಟಿ ಅದು ಮೇಣದ ಹಾಗಾಯಿತು. ಹಳೆಯ ಸೀರೆಯೊಂದನ್ನು ಉದ್ದಕ್ಕೆ ಸೀಳಿ ಪಟ್ಟಿ ಮಾಡಿಕೊಂಡರು.

ನನಗೆ ಒಂದೇ ಸಂಕಟ. ಕೈ ಹಾಕಲು ಹೊರಟ ಅತ್ತೆಯವರ ಕೊರಳಲ್ಲಿ ಲಿಂಗವಿದೆ. ಮೈಮೇಲಿನ ಲಿಂಗ ಬಿಚ್ಚುವಂತಿಲ್ಲ, ಹಾಗೆಂದು ಆ ಗುಂಡಿಗೆ ಇಳಿಸುವುದೆ? ಅಂಜುತ್ತಾ ಕೇಳಿದೆ.

“ದಿನಾ ಒಳಗೋಗುವಾಗ ಬಿಚ್ಚಿಕ್ಕಿ ಹೋಗ್ತೀಯೇನೇ ನೀನು? ಅವನು ಕಾಣ್ದೆ ಇರೋದು ಏನೈತೆ ನಮ್ಮತ್ರ?” ಎಂದವರೇ ನೆಲಕ್ಕೆ ಮಲಗಿ ಭುಜದವರೆಗೂ ಕೈ ಇಳಿಸಿದರು. ಮುಖ ಆ ಕೊಳಕು ಚಪ್ಪಡಿಗೇ ಒತ್ತಿಕೊಂಡಿತ್ತು. ಶಿವ ಶಿವ ಎಂದು ತುಟಿ ಮಾತ್ರ ಆಡುತ್ತಿತ್ತು. ಕೊಳವೆಯ ಸುತ್ತ ಸುಣ್ಣ ಮೆತ್ತಿ, ಪಟ್ಟಿ ಸುತ್ತಿ, ಮತ್ತೆ ಮೆತ್ತಿದರು. ನಡುವೆ ಬಳೆ ಬಿಗಿದಿದ್ದ ದಾರ ಜಾರಿತೆಂದು ಕಾಣುತ್ತದೆ, ಒಳಗಿನಿಂದ ಚಿಟ್ ಚಿಟ್ ಎಂದು ಸದ್ದು ಬಂತು.

“ಹೆಚ್ಚಿದ್ವು” ಎಂದು ಅವರೇ ಮೆಲ್ಲಗೆ ಅಂದರು.

ಕೈ ಹೊರಗೆ ಬಂದಾಗ ಬಲಗೈಯಲ್ಲಿ ಒಂದು ಬಳೆಯೂ ಉಳಿದಿರಲಿಲ್ಲ. ಸ್ನಾನ ಮಾಡಿ ಬಂದು ಅದೇ ಹಸಿರು ಬಳೆಗಳನ್ನು ತೊಟ್ಟುಕೊಂಡರು. “ನೋಡುದ್ರಾ, ನೀವು ತಪ್ಪಿ ತಂದದ್ದೂ ಕೆಲಸಕ್ಕೆ ಬಂತು” ಎಂದು ಮಾವನವರಿಗೆ ಕೈ ಆಡಿಸಿ ತೋರಿಸಿದರು. ಹಿತ್ತಲ ಒದ್ದೆ ಬಿಸಿಲಿಗೆ ಒಣಗುತ್ತಾ ಬಂತು. ಶಿವ ದೊಡ್ಡವನು ಅಂದುಕೊಂಡೆ.

ನಮಗೆಲ್ಲ ಕಾಯಿಸಿ ಆರಿಸಿದ ನೀರನ್ನೇ ಕೊಡುತ್ತಿದ್ದರು. ಲಿಂಗದ ಮಜ್ಜನಕ್ಕೆ ಮಾತ್ರ ಬಾವಿಯಿಂದ ಆಗತಾನೆ ಸೇದಿದ ತಣ್ಣೀರು. ಒಲೆ ಕಂಡ ನೀರು ಪೂಜೆಗೆ ಆಗದು, ತೀರ್ಥವಾದ ಮೇಲೆ ಒಂದು ಹನಿಯೂ ಚೆಲ್ಲುವಂತಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಪೂಜೆಯಾದ ಮೇಲೆ ಆ ತೀರ್ಥವನ್ನು ದಿನವೂ ಮೊದಲು ನನ್ನ ಕೈಗೆ ಹಾಕಿ ಆಮೇಲೆ ತಾವು ತೆಗೆದುಕೊಳ್ಳುತ್ತಿದ್ದರು. ಆ ವಾರವೇ ಒಂದು ಬೆಳಿಗ್ಗೆ ನಾನು ಎಂದಿನಂತೆ ಕೈಯೊಡ್ಡಿದೆ.

“ತೀರ್ಥ ಹೆಚ್ಚೈತೆ ಕಣಮ್ಮ. ಹೋಗು, ಒಲೆ ನೋಡು.”

ಬಟ್ಟಲು ತುಂಬಾ ಇತ್ತು. ನಾನು ಕಣ್ಣಾರೆ ನೋಡಿದೆ. ನನ್ನಿಂದೇನೋ ತಪ್ಪಾಗಿರಬೇಕೆಂದುಕೊಂಡು ಒಲೆಯ ಕಡೆ ಹೊರಟೆ. ತಿರುಗಿ ನೋಡಿದರೆ ಅವರು ಕಣ್ಣು ಮುಚ್ಚಿ ಅಷ್ಟನ್ನೂ ಕುಡಿಯುತ್ತಿದ್ದರು. ಮಾರನೆಯ ಬೆಳಿಗ್ಗೆಯೂ ಅದೇ ಮಾತು, ಅದೇ ತುಂಬಿದ ಬಟ್ಟಲು.

ಅವರು ವಾಂತಿ ಭೇದಿಯಾಗಿ ಮಲಗಿದ್ದು ಅವತ್ತೇ ಮಧ್ಯಾಹ್ನ, ಬೆಟ್ಟದ ನೆರಳು ಹಿತ್ತಲಿಗೆ ಇಳಿಯುವ ಹೊತ್ತಿಗೆ. ನನ್ನನ್ನು ಕೋಣೆಯ ಹೊಸ್ತಿಲು ದಾಟಲು ಬಿಡಲಿಲ್ಲ. “ಅಲ್ಲೇ ನಿಂತ್ಕೋ ತಾಯಿ, ನಿನ್ನ ಕೈಲಿ ಏನೂ ಬ್ಯಾಡ.” ಮಾರನೆಯ ದಿನ ಹೊತ್ತೇರುವುದರೊಳಗೆ ಲಿಂಗೈಕ್ಯರಾದರು. ಸಮಾಧಿಯಲ್ಲಿ ಕೂರಿಸುವಾಗ ಮಾವನವರು ಆ ಹಸಿರು ಬಳೆಗಳನ್ನು ಮೆಲ್ಲಗೆ ಮುಂಗೈಗೆ ಸರಿಸಿ ಬಿಟ್ಟರು. ಒಂದೂ ಹೆಚ್ಚಿರಲಿಲ್ಲ.

ಬಾವಿ ಕೆಟ್ಟಿತ್ತೋ, ಬೇರೆಲ್ಲಿಂದ ಬಂತೋ ದೇವರೇ ಬಲ್ಲ. ಹತ್ತಿ, ಸುಣ್ಣ, ಹಳೆ ಸೀರೆಯ ಆ ಬೆಸುಗೆ ಮುಂದೆಂದೂ ಜಿನುಗಲಿಲ್ಲ. ಯುದ್ಧ ಮುಗಿದ ಮೇಲೆ ಮಾವನವರು ತಂದ ಕಬ್ಬಿಣದ ಬಳೆ ಹಿತ್ತಲ ಗೂಟದಲ್ಲಿ ನೇತಾಡಿಕೊಂಡೇ ತುಕ್ಕು ಹಿಡಿಯಿತು. ನನಗೆ ಹೆಣ್ಣು ಮಗು ಹುಟ್ಟಿತು, ಉಳಿಯಿತು.

ಅತ್ತೆಯವರ ಬಾಯಲ್ಲಿ ಹೆಚ್ಚಿದೆ ಎಂದರೆ ಇಲ್ಲ ಎಂದೇ ಅರ್ಥ. ಆ ಎರಡು ಬೆಳಿಗ್ಗೆ ಮಾತ್ರ ಆ ಮಾತು ನಿಜವಾಗಿತ್ತು. ಹೆಚ್ಚಿದ್ದು ತೀರ್ಥವಲ್ಲ, ನನ್ನ ಆಯುಸ್ಸು. ಈಗಲೂ ಪೂಜೆ ಮುಗಿಸಿ ತೀರ್ಥಕ್ಕೆ ಕೈಯೊಡ್ಡಿದಾಗ ಒಂದು ಗಳಿಗೆ ಆ ಖಾಲಿ ಅಂಗೈಯನ್ನೇ ಕಣ್ಣಿಗೆ ಒತ್ತಿಕೊಳ್ಳುತ್ತೇನೆ.